ಡಬಲ್ಸ್ ಅಂದ್ರೆ ಅರ್ಧ ಆಟವೇ, ಸ್ವಾಮಿ?

ಮೊನ್ನೆ ಸಂಜೆ ಚನ್ನಪಟ್ಟಣದ ಬೊಂಬೆ ಅಂಗಡಿ ಯಜಮಾನರೊಬ್ಬರು ದಾರಿಯಲ್ಲೇ ಕೈಹಿಡಿದು ನಿಲ್ಲಿಸಿದರು. ಹಳೇ ಪರಿಚಯ. ವ್ಯಾಪಾರದ ಗೋಳು ಹೇಳ್ತಾರೆ ಅಂದುಕೊಂಡೆ. 2023ರಲ್ಲಿ ಹೊಸ ಹೆದ್ದಾರಿ ಊರ ಹೊರಗಿನಿಂದ ಹಾದುಹೋದ ಮೇಲೆ ಮೈಸೂರಿಗೆ ಹೋಗೋ ಕಾರುಗಳು ಅಂಗಡಿ ಮುಂದೆ ನಿಲ್ಲೋದು ಎಷ್ಟು ಕಮ್ಮಿಯಾಗಿದೆ ಅನ್ನೋದು ನಮ್ಮ ಓದುಗರಿಗೆ ಹೊಸ ಸುದ್ದಿಯೇನಲ್ಲ. ಆದರೆ ಅವರು ತೆಗೆದ ಮಾತೇ ಬೇರೆ.

"ಸಾರ್, ನನ್ನ ಮಗಳು ಎಂಟನೇ ಕ್ಲಾಸು. ಶಟಲ್ ಆಡ್ತಾಳೆ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಐದೂವರೆಗೆ ಸ್ಕೂಟರಲ್ಲಿ ರಾಮನಗರಕ್ಕೆ ಬಿಟ್ಟು ಬರ್ತಾ ಇದೀನಿ. ಈಗ ಅವರ ಕೋಚು ಸಿಂಗಲ್ಸ್ ಬಿಡಿಸಿ ಡಬಲ್ಸ್‌ಗೆ ಹಾಕಿದಾರೆ. ಅಂದ್ರೆ ಹುಡುಗಿ ಆಟ ಅಷ್ಟಕ್ಕಷ್ಟೇ ಅಂತ ತಾನೇ ಅರ್ಥ? ಸುಮ್ನೆ ದುಡ್ಡು ಯಾಕೆ ಸುರೀಬೇಕು? ಬಿಡಿಸಿಬಿಡ್ಲಾ?"

ಅಷ್ಟರಲ್ಲಿ ನನ್ನ ಬಸ್ಸು ಬಂತು. "ಎರಡು ದಿನ ತಾಳಿ ಯಜಮಾನ್ರೇ, ಹೇಳ್ತೀನಿ" ಅಂದು ಹತ್ತಿಬಿಟ್ಟೆ. ಹೇಳಬೇಕಾದ್ದನ್ನು ಒಬ್ಬರಿಗೆ ಹೇಳೋ ಬದಲು ಇಲ್ಲೇ ಬರೆದರೆ ನಾಲ್ಕು ತಾಲ್ಲೂಕಿನ ಇಂಥ ನಾಲ್ಕು ಜನ ಅಪ್ಪಂದಿರಿಗೆ ಉಪಯೋಗಕ್ಕೆ ಬಂದೀತು. ಅದಕ್ಕೇ ಈ ವಾರದ ಅಂಕಣ.

ನಾವೆಲ್ಲಾ ಆಡೋದೇ ಡಬಲ್ಸ್!

ಮೊದಲಿಗೆ ಒಂದು ತಮಾಷೆ ನೋಡಿ. ರಾಮನಗರವಿರಲಿ, ಕನಕಪುರವಿರಲಿ, ಮಾಗಡಿಯಿರಲಿ, ಬೆಳಗಿನ ಹೊತ್ತು ಶಟಲ್ ಆಡೋ ದೊಡ್ಡವರನ್ನು ಒಂದು ಸಲ ಗಮನಿಸಿ. ದಿನಸಿ ಅಂಗಡಿಯವರು, ಬ್ಯಾಂಕಿನವರು, ಮೇಷ್ಟ್ರುಗಳು, ರೇಷ್ಮೆ ವ್ಯಾಪಾರದವರು ಎಲ್ಲರೂ ಆಡೋದು ಈ ಕಡೆ ಇಬ್ಬರು, ಆ ಕಡೆ ಇಬ್ಬರು. ಯಾಕೆ? ಒಬ್ಬನೇ ಓಡಾಡಿ ಆಡುವಷ್ಟು ಉಸಿರು ನಮ್ಮಲ್ಲಿಲ್ಲ. ಕೋರ್ಟಿನ ಬಾಡಿಗೆಯನ್ನು ನಾಲ್ಕು ಜನ ಹಂಚಿಕೊಂಡರೆ ಹಗುರ. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರಿಟ್ಟಿತು. ಆದರೆ "ಅದು ನಿನ್ ಬಾಲು ಕಣಯ್ಯ, ನೀನ್ಯಾಕೆ ಬಿಟ್ಟೆ?" ಅನ್ನೋ ಬೆಳಗಿನ ಜಗಳ ಮಾತ್ರ ಹಾಗೇ ಇದೆ.

ಇಷ್ಟಾದರೂ ಮಕ್ಕಳ ವಿಷಯ ಬಂದ ಕೂಡಲೇ ನಮ್ಮ ಲೆಕ್ಕ ಬದಲಾಗತ್ತೆ. ಹುಡುಗ ಆದರೆ ಪ್ರಕಾಶ್ ಪಡುಕೋಣೆ ಆಗಬೇಕು, ಹುಡುಗಿ ಆದರೆ ಸೈನಾ ಅಥವಾ ಸಿಂಧು ಆಗಬೇಕು. ಮೂವರೂ ಸಿಂಗಲ್ಸ್‌ನಲ್ಲೇ ಹೆಸರು ಮಾಡಿದವರು. ಡಬಲ್ಸ್ ಅಂದರೆ ಸಿಂಗಲ್ಸ್‌ನಲ್ಲಿ ಗಿಟ್ಟದವರು ಸೇರಿಕೊಳ್ಳೋ ಜಾಗ ಅನ್ನೋ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ.

ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮದೇ ರಾಜ್ಯದ ಅಶ್ವಿನಿ ಪೊನ್ನಪ್ಪ ಅವರ ಆಟದ ಬದುಕನ್ನು ಒಂದು ಸಲ ಪೂರ್ತಿ ನೋಡಿದರೆ ಸಾಕು. ಸಿಹಿಯೂ ಇದೆ, ಕಹಿಯೂ ಇದೆ. ಎರಡನ್ನೂ ಹೇಳ್ತೀನಿ.

ಹಾಕಿ ಮನೆಯಿಂದ ಶಟಲ್ ಕೋರ್ಟಿಗೆ

ಮನೆತನ ಕೊಡಗಿನದು. ಹುಟ್ಟಿದ್ದು ಬೆಂಗಳೂರಿನಲ್ಲಿ, 1989ರ ಸೆಪ್ಟೆಂಬರ್ 18ರಂದು. ತಂದೆ ಹಾಕಿ ಆಟಗಾರರು. ಕೊಡಗಿನವರ ಮನೆಯಲ್ಲಿ ಹಾಕಿ ಕೋಲು ಇರೋದು ನಮ್ಮ ಕಡೆ ಮನೆಯಲ್ಲಿ ಒನಕೆ ಇದ್ದಷ್ಟೇ ಸಹಜ. ಆದರೆ ಈ ಹುಡುಗಿ ಕೈಗೆ ತಗೊಂಡಿದ್ದು ರ‍್ಯಾಕೆಟ್ಟು. ಜೂನಿಯರ್ ಮಟ್ಟದಲ್ಲೇ ಡಬಲ್ಸ್ ಪ್ರಶಸ್ತಿಗಳು ಬಂದವು. ಮುಂದೆ ಹೈದರಾಬಾದಿನ ಜ್ವಾಲಾ ಗುಟ್ಟಾ ಜೊತೆಯಾದರು. ಜ್ವಾಲಾ ವಯಸ್ಸಿನಲ್ಲಿ ಆರು ವರ್ಷ ದೊಡ್ಡವರು, ಎಡಗೈ ಆಟಗಾರ್ತಿ.

ಇಲ್ಲಿ ಸ್ವಲ್ಪ ಆಟದ ವಿಚಾರ ಹೇಳದಿದ್ದರೆ ಮುಂದಿನದು ಅರ್ಥವಾಗೋದಿಲ್ಲ. ಕೋರ್ಟಿನ ಉದ್ದ 44 ಅಡಿ. ಸಿಂಗಲ್ಸ್‌ಗೆ ಅಗಲ 17 ಅಡಿ, ಡಬಲ್ಸ್‌ಗೆ 20 ಅಡಿ. ಜನ ಎರಡರಷ್ಟಾದರೂ ಜಾಗ ಹೆಚ್ಚೋದು ಬರೀ ಮೂರಡಿ. ಹಾಗಾಗಿ ಖಾಲಿ ಜಾಗ ಸಿಗೋದೇ ಕಷ್ಟ. ಶಟಲ್ ಹೋದಷ್ಟೇ ಬೇಗ ವಾಪಸ್ ಬರತ್ತೆ. ಯೋಚನೆ ಮಾಡಿ ಹೊಡೆಯೋಕೆ ವೇಳೆಯಿಲ್ಲ. ದಾಳಿ ಮಾಡುವಾಗ ಒಬ್ಬರು ಬಲೆಯ ಹತ್ತಿರ, ಇನ್ನೊಬ್ಬರು ಹಿಂದೆ. ಎದುರಾಳಿ ಹೊಡೆಯಲು ಶುರುಮಾಡಿದ ಕೂಡಲೇ ಇಬ್ಬರೂ ಅಕ್ಕಪಕ್ಕಕ್ಕೆ ಬರಬೇಕು. ಯಾರು ಯಾವಾಗ ಎಲ್ಲಿರಬೇಕು ಅಂತ ಕೂಗಿ ಹೇಳೋಕೂ ಆಗಲ್ಲ, ತಿರುಗಿ ನೋಡೋಕೂ ಆಗಲ್ಲ. ಗೊತ್ತಿರಬೇಕು, ಅಷ್ಟೇ.

ನಮ್ಮ ಬೊಂಬೆ ಅಂಗಡಿ ಯಜಮಾನರಿಗೆ ಇದು ಬೇಗ ಅರ್ಥವಾದೀತು. ಅವರು ಮುಂದೆ ಗಲ್ಲಾಪೆಟ್ಟಿಗೆಯಲ್ಲಿ ಕೂತು ಗಿರಾಕಿ ನೋಡ್ಕೋತಾರೆ. ಹಿಂದೆ ಲೇತಿನ ಮೇಲೆ ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚೋದು ಅವರ ತಮ್ಮ. ಇವರು ಊಟಕ್ಕೆ ಎದ್ದರೆ ತಮ್ಮ ತಾನಾಗೇ ಮುಂದೆ ಬಂದು ಕೂರ್ತಾರೆ. ಯಾರೂ ಕರೆಯೋದು ಬೇಡ. ಡಬಲ್ಸ್ ಅಂದರೆ ಅದೇ.

ಅಶ್ವಿನಿಯವರ ಬಲ ಹಿಂದಿನಿಂದ ಹೊಡೆಯೋ ಸ್ಮ್ಯಾಷು. ಮುಂದೆ ಬಲೆಯ ಹತ್ತಿರ ಜ್ವಾಲಾ ಕಾಯ್ತಿದ್ದರು. ಹಿಂದಿನವರ ಹೊಡೆತಕ್ಕೆ ಎದುರಾಳಿ ತಡಬಡಾಯಿಸಿ ಎತ್ತಿಕೊಟ್ಟರೆ ಮುಂದಿನವರು ಕೆಲಸ ಮುಗಿಸೋರು.

ದೆಹಲಿಯಲ್ಲಿ ಚಿನ್ನ, ಲಂಡನ್ನಿನಲ್ಲಿ ಕಂಚು

2010ರ ಅಕ್ಟೋಬರ್ 14. ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ. ಮಹಿಳಾ ಡಬಲ್ಸ್ ಫೈನಲ್‌ನಲ್ಲಿ ಜ್ವಾಲಾ ಮತ್ತು ಅಶ್ವಿನಿ ಸಿಂಗಪುರದ ಜೋಡಿಯನ್ನು 21-16, 21-19ರಿಂದ ಸೋಲಿಸಿದರು. ಕಾಮನ್‌ವೆಲ್ತ್ ಮಹಿಳಾ ಡಬಲ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಅದಕ್ಕೂ ಹಿಂದೆ 1978ರಲ್ಲಿ ಎಡ್ಮಂಟನ್‌ನಲ್ಲಿ ಅಮಿ ಘಿಯಾ ಮತ್ತು ಕನ್ವಲ್ ಠಾಕರ್ ಸಿಂಗ್ ಕಂಚು ತಂದಿದ್ದರು. ಪ್ರಕಾಶ್ ಪಡುಕೋಣೆ ಸಿಂಗಲ್ಸ್ ಚಿನ್ನ ಗೆದ್ದ ಕೂಟವೂ ಅದೇ. ಆ ಚಿನ್ನ ಎಲ್ಲರಿಗೂ ನೆನಪಿದೆ. ಆ ಕಂಚು ಎಷ್ಟು ಜನಕ್ಕೆ ನೆನಪಿದೆ ಹೇಳಿ?

ದೆಹಲಿಯ ಆ ದಿನವೂ ಹಾಗೇ ಆಯಿತು. ಅವತ್ತೇ ಸೈನಾ ನೆಹವಾಲ್ ಸಿಂಗಲ್ಸ್ ಚಿನ್ನ ಗೆದ್ದರು. ಅದು ಭಾರತದ 38ನೇ ಚಿನ್ನ. 37 ಚಿನ್ನದ ಇಂಗ್ಲೆಂಡನ್ನು ಹಿಂದೆ ಹಾಕಿ ಭಾರತ ಪದಕ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಊರೆಲ್ಲಾ ಸೈನಾ ಸೈನಾ ಅಂದಿತು. ತಪ್ಪೇನಿಲ್ಲ. ಆದರೆ ಆ 38ರಲ್ಲಿ ಅವತ್ತು ಇಬ್ಬರು ಸೇರಿ ತಂದ ಒಂದು ಚಿನ್ನವೂ ಇತ್ತು. ಅದನ್ನು ಕಳೆದು ನೋಡಿ, ಇಂಗ್ಲೆಂಡಿಗೂ ನಮಗೂ ಸಮ ಆಗ್ತಿತ್ತು.

ಮುಂದಿನ ವರ್ಷ, 2011ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಈ ಜೋಡಿ ಸೆಮಿಫೈನಲ್ ತಲುಪಿ ಕಂಚು ಗೆದ್ದಿತು. 1983ರಲ್ಲಿ ಪ್ರಕಾಶ್ ಕಂಚು ಗೆದ್ದ ಮೇಲೆ 28 ವರ್ಷ ಭಾರತಕ್ಕೆ ಆ ಕೂಟದಲ್ಲಿ ಪದಕವೇ ಬಂದಿರಲಿಲ್ಲ. ಎರಡನೆಯದನ್ನು ತಂದಿದ್ದು ಸಿಂಗಲ್ಸ್‌ನವರಲ್ಲ ಸ್ವಾಮಿ, ಈ ಇಬ್ಬರು ಹೆಣ್ಣುಮಕ್ಕಳು! ಅಲ್ಲಿಂದ ಡಬಲ್ಸ್‌ನಲ್ಲಿ ಮತ್ತೆ ಪದಕ ಬಂದಿದ್ದು 2022ರಲ್ಲಿ, ಸಾತ್ವಿಕ್ ಮತ್ತು ಚಿರಾಗ್ ಜೋಡಿಯಿಂದ. ನಡುವೆ 11 ವರ್ಷ. 2012ರಲ್ಲಿ ಅಶ್ವಿನಿಯವರಿಗೆ ಅರ್ಜುನ ಪ್ರಶಸ್ತಿ ಬಂತು.

ಒಂದೇ ಒಂದು ಪಾಯಿಂಟು

ಈಗ ಕಹಿ. 2012ರ ಲಂಡನ್ ಒಲಿಂಪಿಕ್ಸ್. ಗುಂಪಿನಲ್ಲಿ ಮೂರು ಪಂದ್ಯ. ಜಪಾನ್ ಜೋಡಿಯ ಮುಂದೆ ಸೋಲು. ಚೈನೀಸ್ ತೈಪೆ ಜೋಡಿಯ ಮೇಲೆ 25-23, 16-21, 21-18ರಿಂದ ಗೆಲುವು. ಸಿಂಗಪುರದ ಮೇಲೆ 21-16, 21-15ರಿಂದ ಗೆಲುವು. ಮೂರರಲ್ಲಿ ಎರಡು ಗೆದ್ದಾಯ್ತು, ಇನ್ನೇನು ಕ್ವಾರ್ಟರ್ ಫೈನಲ್ ಅಂದುಕೊಂಡರೆ, ತೈಪೆಯವರು ಜಪಾನಿನವರನ್ನು ಸೋಲಿಸಿಬಿಟ್ಟರು. ಮೂರು ಜೋಡಿಗಳಿಗೂ ಎರಡೆರಡು ಗೆಲುವು. ಕೊನೆಗೆ ಪಾಯಿಂಟ್ ಲೆಕ್ಕ ಹಾಕಿದರೆ ನಮ್ಮವರು ಒಂದೇ ಒಂದು ಪಾಯಿಂಟಿನ ವ್ಯತ್ಯಾಸದಲ್ಲಿ ಹೊರಗೆ! ಆ ಪಂದ್ಯದ ಬಗ್ಗೆ ವಿಚಾರಣೆ ಮಾಡಿ ಅಂತ ಭಾರತ ದೂರು ಕೊಟ್ಟಿತು. ದೂರು ಬಿದ್ದುಹೋಯಿತು. ಮುಂದೆ ಹೋದ ಜಪಾನ್ ಜೋಡಿ ಕೊನೆಗೆ ಬೆಳ್ಳಿ ಗೆದ್ದಿತು.

ಅದೇ ಒಲಿಂಪಿಕ್ಸ್‌ನ ಅದೇ ಮಹಿಳಾ ಡಬಲ್ಸ್‌ನಲ್ಲಿ, ಮುಂದಿನ ಸುತ್ತಿನಲ್ಲಿ ಸುಲಭದ ಎದುರಾಳಿ ಸಿಗಲಿ ಅಂತ ಬೇಕೆಂದೇ ಸೋಲೋ ಆಟ ಆಡಿದ್ದಕ್ಕೆ ಚೀನಾ ಮತ್ತು ಇಂಡೊನೇಷ್ಯಾದ ಒಂದೊಂದು, ದಕ್ಷಿಣ ಕೊರಿಯಾದ ಎರಡು, ಹೀಗೆ ನಾಲ್ಕು ಜೋಡಿಗಳನ್ನು ಕೂಟದಿಂದಲೇ ಹೊರಹಾಕಿದರು. ಅವು ಬೇರೆ ಗುಂಪಿನ ಜೋಡಿಗಳು, ಹಾಗಾಗಿ ನಮ್ಮವರಿಗೇನೂ ಲಾಭವಾಗಲಿಲ್ಲ.

ಹಾಗೆ ಹೊರಬಿದ್ದ ಇಂಡೊನೇಷ್ಯಾದ ಗ್ರೇಸಿಯಾ ಪೊಲಿ ಅವರ ಕಥೆಯನ್ನೂ ಇಲ್ಲೇ ಹೇಳಿಬಿಡ್ತೀನಿ. ಅವಮಾನದಿಂದ ಮನೆಗೆ ಹೋದವರು ರ‍್ಯಾಕೆಟ್ ಬಿಡಲಿಲ್ಲ. ಜೊತೆಗಾತಿಯರು ಬದಲಾದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 34 ತುಂಬೋದಕ್ಕೆ ಕೆಲವೇ ದಿನ ಇರುವಾಗ, ತಮಗಿಂತ ತುಂಬಾ ಚಿಕ್ಕವರಾದ ಅಪ್ರಿಯಾನಿ ರಹಾಯು ಜೊತೆಗೂಡಿ ಚಿನ್ನ ಗೆದ್ದರು. ಡಬಲ್ಸ್‌ನವರ ಆಯುಷ್ಯವೇ ಬೇರೆ ಅನ್ನೋದಕ್ಕೆ ಇದೊಂದು ಸಾಕ್ಷಿ.

ಜೊತೆ ಬದಲಾದಾಗೆಲ್ಲಾ ಅ ಆ ಇ ಈ

ಲಂಡನ್ ಮುಗಿದ ಮೇಲೆ ಜ್ವಾಲಾ ಕೆಲ ಕಾಲ ಬಿಡುವು ತಗೊಂಡರು. ಅಶ್ವಿನಿ ಪ್ರದ್ನ್ಯಾ ಗದ್ರೆ ಅವರ ಜೊತೆ ಆಡಿದರು. ಮತ್ತೆ ಜ್ವಾಲಾ ಬಂದರು. 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ದೆಹಲಿಯಲ್ಲಿ ನಡೆದ ಉಬರ್ ಕಪ್‌ನಲ್ಲಿ ಭಾರತ ತಂಡಕ್ಕೆ ಕಂಚು. 2015ರಲ್ಲಿ ಕೆನಡಾ ಓಪನ್ ಪ್ರಶಸ್ತಿ. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಮೂರೂ ಪಂದ್ಯ ಸೋಲು. ಆ ಜೋಡಿಯ ಅಧ್ಯಾಯ ಅಲ್ಲಿಗೆ ಮುಗಿಯಿತು.

ಸಿಂಗಲ್ಸ್ ಆಟಗಾರ್ತಿ ಸೋತರೆ ಮರುದಿನ ತನ್ನ ತಪ್ಪನ್ನು ತಾನು ತಿದ್ದಿಕೊಂಡರೆ ಆಯಿತು. ಡಬಲ್ಸ್‌ನವರ ಜೊತೆ ಮುರಿದರೆ ಎಲ್ಲಾ ಮೊದಲಿಂದ. ಹೊಸಬರು ಎಲ್ಲಿ ನಿಲ್ತಾರೆ, ಯಾವ ಶಟಲ್ ಬಿಡ್ತಾರೆ, ಸೋಲುವಾಗ ಸಿಟ್ಟಾಗ್ತಾರೋ ಸುಮ್ಮನಾಗ್ತಾರೋ, ಎಲ್ಲವನ್ನೂ ಮತ್ತೆ ಕಲೀಬೇಕು. ಪಾಲುದಾರ ಬಿಟ್ಟುಹೋದ ಅಂಗಡಿಯನ್ನು ಮತ್ತೆ ನಡೆಸಿದವರಿಗೆ ಈ ಕಷ್ಟ ಗೊತ್ತು.

ಅಶ್ವಿನಿ ಮತ್ತೆ ಕಲಿತರು. ಮಹಿಳಾ ಡಬಲ್ಸ್‌ಗೆ ಸಿಕ್ಕಿ ರೆಡ್ಡಿ, ಮಿಶ್ರ ಡಬಲ್ಸ್‌ಗೆ ಆಗಿನ್ನೂ ಹುಡುಗನಾಗಿದ್ದ ಸಾತ್ವಿಕ್. 2017ರ ನವೆಂಬರ್‌ನಲ್ಲಿ ನಾಗಪುರದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಎರಡೂ ವಿಭಾಗದ ಪ್ರಶಸ್ತಿ ಅವರದೇ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಮಿಶ್ರ ತಂಡ ಫೈನಲ್. ಎದುರಾಳಿ ಮಲೇಷ್ಯಾ. ಮೊದಲ ಪಂದ್ಯಕ್ಕೆ ಇಳಿದಿದ್ದು ಸಾತ್ವಿಕ್ ಮತ್ತು ಅಶ್ವಿನಿ. ಎದುರಿಗೆ ರಿಯೊ ಒಲಿಂಪಿಕ್ಸ್‌ನ ಬೆಳ್ಳಿ ಜೋಡಿ. 21-14, 15-21, 21-15. ಗೆದ್ದರು! ಅಲ್ಲಿಂದ ತಂಡಕ್ಕೆ ಧೈರ್ಯ ಬಂತು. ಭಾರತ 3-1ರಿಂದ ಚಿನ್ನ ಗೆದ್ದಿತು. ಸಿಕ್ಕಿ ಜೊತೆ ಡಬಲ್ಸ್ ಕಂಚೂ ಬಂತು. 2021ರ ಟೋಕಿಯೊ ಒಲಿಂಪಿಕ್ಸ್‌ಗೆ ಮಾತ್ರ ಅರ್ಹತೆ ಸಿಗಲಿಲ್ಲ. ವಯಸ್ಸು 31 ದಾಟಿತ್ತು. ಇನ್ನು ಸಾಕು ಅಂದಿದ್ದರೂ ಯಾರೂ ತಪ್ಪು ಹೇಳ್ತಿರಲಿಲ್ಲ.

ಆದರೆ 2023ರಲ್ಲಿ ಮತ್ತೊಂದು ಹೊಸ ಜೊತೆ. ತನಿಷಾ ಕ್ರಾಸ್ಟೊ, 2003ರಲ್ಲಿ ಹುಟ್ಟಿದ ಹುಡುಗಿ. ದೆಹಲಿಯಲ್ಲಿ ಅಶ್ವಿನಿ ಚಿನ್ನ ಗೆದ್ದಾಗ ತನಿಷಾಗೆ ಏಳು ವರ್ಷ! ಈ ಅಕ್ಕ ತಂಗಿಯಂಥ ಜೋಡಿ ಅದೇ ವರ್ಷ ಅಬುಧಾಬಿ ಮಾಸ್ಟರ್ಸ್ ಮತ್ತು ಗುವಾಹಟಿ ಮಾಸ್ಟರ್ಸ್ ಗೆದ್ದಿತು. ರ‍್ಯಾಂಕಿಂಗ್‌ನಲ್ಲಿ ಮೇಲೇರಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಟಿಕೆಟ್ ಗಿಟ್ಟಿಸಿತು. ಭಾರತದಿಂದ ಮಹಿಳಾ ಡಬಲ್ಸ್‌ಗೆ ಹೋದ ಒಂದೇ ಜೋಡಿ ಅದು.

ಪ್ಯಾರಿಸ್‌ನಲ್ಲಿ ಕೊರಿಯಾ, ಜಪಾನ್, ಆಸ್ಟ್ರೇಲಿಯಾ, ಮೂರೂ ಜೋಡಿಗಳ ಮುಂದೆ ಸೋಲಾಯಿತು. ಜುಲೈ 30ರಂದು ಕೊನೆಯ ಪಂದ್ಯ ಮುಗಿದ ಮೇಲೆ ಅಶ್ವಿನಿ ಕಣ್ಣೀರು ಹಾಕಿದರು. ಇದೇ ನನ್ನ ಕೊನೆಯ ಒಲಿಂಪಿಕ್ಸ್ ಅಂತ ಹೇಳಿದರು. ಮೂರು ಒಲಿಂಪಿಕ್ಸ್ ಆಡಿಯೂ ಪದಕವಿಲ್ಲ. ಆದರೆ ಅಲ್ಲಿಗೆ ರ‍್ಯಾಕೆಟ್ ಕೆಳಗಿಡಲಿಲ್ಲ ಅನ್ನೋದನ್ನೂ ಬರೆಯಬೇಕು. ಅದೇ ಡಿಸೆಂಬರ್‌ನಲ್ಲಿ ಇದೇ ಜೋಡಿ ಗುವಾಹಟಿ ಪ್ರಶಸ್ತಿಯನ್ನು ಮತ್ತೆ ಗೆದ್ದಿತು. ಆಗ ಅಶ್ವಿನಿಗೆ 35.

ಗಲ್ಲಾಪೆಟ್ಟಿಗೆ ಲೆಕ್ಕ

ನಮ್ಮ ಓದುಗರು ವ್ಯಾಪಾರಸ್ಥರು. ಲೆಕ್ಕ ಹೇಳದೆ ಬಿಟ್ಟರೆ ಸುಮ್ಮನಿರೋದಿಲ್ಲ. ಸರಿ, ಕೇಳಿ.

ವಿಶ್ವ ಬ್ಯಾಡ್ಮಿಂಟನ್ ಪ್ರವಾಸದ ಸೂಪರ್ 1000 ಅನ್ನೋ ದೊಡ್ಡ ಟೂರ್ನಿಗಳಲ್ಲಿ ಒಟ್ಟು ಬಹುಮಾನ ನೂರು ರೂಪಾಯಿ ಅಂತಿಟ್ಟುಕೊಳ್ಳಿ. ಸಿಂಗಲ್ಸ್ ಗೆದ್ದವರಿಗೆ ಏಳು ರೂಪಾಯಿ. ಡಬಲ್ಸ್ ಗೆದ್ದ ಜೋಡಿಗೆ ಏಳು ರೂಪಾಯಿ ನಲವತ್ತು ಪೈಸೆ. ಹೆಚ್ಚೇ ಆಯ್ತಲ್ಲ ಅಂತೀರಾ? ಅದು ಇಬ್ಬರಿಗೆ! ತಲೆಗೆ ಮೂರು ರೂಪಾಯಿ ಎಪ್ಪತ್ತು ಪೈಸೆ. ಅಂದರೆ ಸಿಂಗಲ್ಸ್‌ನವರಿಗೆ ಸಿಗೋದರ ಅರ್ಧಕ್ಕಿಂತ ಚೂರು ಜಾಸ್ತಿ. ವಿಮಾನದವರು ಡಬಲ್ಸ್ ಅಂತ ಅರ್ಧ ಟಿಕೆಟ್ ಕೊಡೋದಿಲ್ಲ. ಹೋಟೆಲಿನವರು ಅರ್ಧ ಊಟ ಹಾಕೋದಿಲ್ಲ.

ಸರ್ಕಾರದ ನೆರವಿನ ವಿಷಯವೂ ಇದೆ. ಪ್ಯಾರಿಸ್ ಮುಗಿದ ಮೇಲೆ ಯಾವ ಆಟಗಾರರಿಗೆ ಎಷ್ಟು ಖರ್ಚಾಯಿತು ಅನ್ನೋ ಪಟ್ಟಿ ಹೊರಬಂತು. ಅಶ್ವಿನಿ ಹೆಸರಿನ ಮುಂದೆ ಸುಮಾರು ಒಂದೂವರೆ ಕೋಟಿ ರೂಪಾಯಿ ಇತ್ತು. ಅಷ್ಟು ಹಣ ನನ್ನ ಕೈಗೆ ಬಂದೇ ಇಲ್ಲ, ಕೇಳಿದ ಕೋಚನ್ನು ಕೊಡಲಿಲ್ಲ, 2023ರ ನವೆಂಬರ್ ತನಕ ಟೂರ್ನಿಗಳಿಗೆ ಸ್ವಂತವಾಗಿ ಹೋಗ್ತಿದ್ದೆ ಅಂತ ಅವರು ಬಹಿರಂಗವಾಗೇ ಹೇಳಿದರು. ಆ ಮೊತ್ತದ ಬಹುಪಾಲು ತರಬೇತಿ ಮತ್ತು ಸ್ಪರ್ಧೆಗಳ ವಾರ್ಷಿಕ ಬಾಬ್ತಿನಲ್ಲಿ ತೋರಿಸಿದ್ದು. ಕಾಗದದ ಲೆಕ್ಕ ಒಂದು, ಕೈಗೆ ಬಂದಿದ್ದು ಇನ್ನೊಂದು. ಸಾಲಕ್ಕೂ ಸಬ್ಸಿಡಿಗೂ ಅರ್ಜಿ ಹಾಕಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಆದ್ದರಿಂದ ಯಜಮಾನ್ರೇ, ಡಬಲ್ಸ್‌ನಲ್ಲಿ ದುಡ್ಡು ಸುರಿಯತ್ತೆ ಅಂತ ನಾನು ಹೇಳೋದಿಲ್ಲ. ಹೆಸರೂ ಅರ್ಧವೇ ಸಿಗೋದು, ಕಾಸೂ ಅರ್ಧವೇ. ಆದರೆ ಆಟ ಅರ್ಧದ್ದಲ್ಲ. ಹತ್ತಿರ ಹತ್ತಿರ 15 ವರ್ಷ ಒಬ್ಬ ಹೆಣ್ಣುಮಗಳು ಜೊತೆ ಬದಲಾದಾಗೆಲ್ಲಾ ಹೊಸದಾಗಿ ಕಲಿತು, ದೇಶಕ್ಕೆ ಪದಕ ತಂದಿದ್ದು ಇದೇ ಆಟದಲ್ಲಿ. ಕೋಚು ಡಬಲ್ಸ್‌ಗೆ ಹಾಕಿದರು ಅಂದರೆ ತಳ್ಳಿಬಿಟ್ಟರು ಅಂತಲೇ ಅಂದುಕೊಳ್ಳಬೇಡಿ. ಹುಡುಗಿಯ ಕೈಚಳಕ, ಚುರುಕು, ಹೊಂದಿಕೊಂಡು ಹೋಗೋ ಗುಣ ನೋಡಿಯೂ ಹಾಕಿರಬಹುದು. ಹೋಗಿ ಕೇಳಿ.

ರಾಮನಗರದ ರೇಷ್ಮೆ ಕೆಲಸದವರನ್ನು ಕೇಳಿದರೂ ಹೇಳ್ತಾರೆ. ಒಂದೇ ಗೂಡಿನ ಎಳೆ ಎಷ್ಟೇ ನುಣುಪಾಗಿದ್ದರೂ ಅದೊಂದೇ ಮಗ್ಗಕ್ಕೆ ಬರೋದಿಲ್ಲ. ಹಲವು ಗೂಡಿನ ಎಳೆ ಸೇರಿಸಿ ನೂಲು ತೆಗೀಬೇಕು. ಆಮೇಲೆ ನೂಲಿಗೆ ನೂಲು ಜೋಡಿಸಿ ಹುರಿ ಹಾಕಬೇಕು. ಹುರಿ ಕಾರ್ಖಾನೆಯಲ್ಲಿ ಆ ಕೆಲಸಕ್ಕೆ ಹೆಸರೇನು ಗೊತ್ತಾ? ಡಬ್ಲಿಂಗ್!

ಕೇಳದೆ ಬಿಟ್ಟ ಪ್ರಶ್ನೆ

ಇಷ್ಟನ್ನೂ ನಿನ್ನೆ ಅಂಗಡಿಗೇ ಹೋಗಿ ಹೇಳಿದೆ. ಗಿರಾಕಿ ಇರಲಿಲ್ಲ. ಯಜಮಾನರು ಪೂರ್ತಿ ಕೇಳಿಸಿಕೊಂಡರು. ಹಿಂದೆ ಲೇತಿನ ಸದ್ದೂ ನಿಂತಿತ್ತು, ತಮ್ಮನೂ ಕೇಳ್ತಿದ್ದರು ಅಂತ ಕಾಣತ್ತೆ.

"ಅದೆಲ್ಲಾ ಸರಿ, ಮಗಳನ್ನ ಕೇಳಿದ್ರಾ?" ಅಂದೆ.

ಯಜಮಾನರು ತಲೆ ಕೆರೆದುಕೊಂಡರು. ಎರಡು ವರ್ಷ ಬೆಳಿಗ್ಗೆ ಕರ್ಕೊಂಡು ಹೋದವರು ಈ ಒಂದು ಮಾತನ್ನು ಕೇಳಿರಲಿಲ್ಲ. ಅಷ್ಟರಲ್ಲಿ ಹುಡುಗಿಯೇ ಸ್ಕೂಲಿಂದ ಬಂತು. ಬ್ಯಾಗು ಇಳಿಸಿತು. ಅಪ್ಪ ಕೇಳಿದರು.

"ಬಿಡಿಸಬೇಡಿ ಅಪ್ಪ" ಅಂತು ಹುಡುಗಿ. "ನನ್ ಜೊತೆ ಆಡೋಳು ಮಾಗಡಿಯಿಂದ ಬರ್ತಾಳೆ. ಬೆಳಿಗ್ಗೆ ಮೊದಲನೇ ಬಸ್ಸಿಗೆ. ನಾನು ಬಿಟ್ಟರೆ ಅವಳು ಯಾರ ಜೊತೆ ಆಡ್ಬೇಕು?"

ಯಜಮಾನರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಒಳಗಿನಿಂದ ತಮ್ಮನ ದನಿ ಬಂತು: "ನಾಳೆ ನಾನು ಬಿಟ್ಟು ಬರ್ತೀನಿ ಬಿಡಣ್ಣ, ನೀನು ಮಲಗು."

ಲೇತು ಮತ್ತೆ ತಿರುಗೋಕೆ ಶುರುವಾಯಿತು. ನನಗೂ ಬಸ್ಸಿನ ಹೊತ್ತಾಗಿತ್ತು, ಎದ್ದು ಬಂದೆ.